ಮೊಣಕಾಲು ಭಾರ ತಡೆಯದ ಅವ್ವಂದಿರಿಗೆ ತೊಡೆಯ ಬಲ: ಪಟ್ಟಿ ಕಟ್ಟಿ ಮಾಡುವ ಹಗುರ ವ್ಯಾಯಾಮದ ಪೂರ್ತಿ ಮಾರ್ಗದರ್ಶಿ

ಅರವತ್ತು ದಾಟಿದ ಹೆಣ್ಣುಮಕ್ಕಳು ಫಿಸಿಯೋಥೆರಪಿಗೆ ಬಂದಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ. “ಕೂತ್ರ ಏಳಾಕ ಬರವಲ್ದ್ರೀ.” ಬಾಗಲಕೋಟೆಯಲ್ಲಿ ಕೆಲಸ ಮಾಡುವ ನನಗೆ ಇದು ದಿನಾ ಕೇಳುವ ಮಾತು. ಎಲ್ಲರೂ ಮೊಣಕಾಲನ್ನೇ ಬೈಯುತ್ತಾರೆ. ಆದರೆ ಮೊಣಕಾಲಿನ ಜೊತೆ ತೊಡೆಯ ಸ್ನಾಯುವೂ ಸೋತಿರುತ್ತದೆ, ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಟಿಕೆಟ್ ಖರ್ಚಿಲ್ಲದೆ ಕೂಡಲಸಂಗಮಕ್ಕೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬರಬಹುದು. ಆದರೆ ಬಸ್ಸಿನ ಮೊದಲ ಮೆಟ್ಟಿಲು ಹತ್ತೋಕೆ ತೊಡೆಯಲ್ಲಿ ಕಸುವು ಬೇಕಲ್ಲ?

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಸ್ನಾಯು ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಹೆಣ್ಣುಮಕ್ಕಳಿಗೆ ಮುಟ್ಟು ನಿಂತಾಗ ಈಸ್ಟ್ರೋಜನ್ ಇಳಿಯುತ್ತದೆ, ಅದರ ಪೆಟ್ಟೂ ಸೇರುತ್ತದೆ. “ದಿನಾ ಮನಿ ಕೆಲಸ ಮಾಡ್ತೀನಲ್ರೀ, ಮತ್ತೇನು ವ್ಯಾಯಾಮ” ಅನ್ನುತ್ತಾರೆ. ಮನೆಗೆಲಸದಲ್ಲಿ ದಣಿವಾಗುತ್ತದೆ ನಿಜ, ಆದರೆ ಸ್ನಾಯು ಬೆಳೆಯಬೇಕಾದರೆ ಅದು ಇನ್ನು ಆಗಲ್ಲ ಅನ್ನುವ ಹಂತದ ಹತ್ತಿರ ಹೋಗಬೇಕು. ಅದಕ್ಕೆ ಸಾಮಾನ್ಯವಾಗಿ ಹೇಳುವ ದಾರಿ, ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರದ ಸುಮಾರು 70 ಶೇಕಡಾದಷ್ಟು ಎತ್ತುವುದು. ಸವೆದ ಮೊಣಕಾಲಿಗೆ ಅಷ್ಟು ಭಾರ ಕೊಟ್ಟರೆ ಮರುದಿನ ಅವರು ಬರುವುದೇ ಇಲ್ಲ.

ಅಂಥವರಿಗೆ ಇರುವ ದಾರಿಯೇ ಬಿಎಫ್‌ಆರ್, ಅಂದರೆ ಬ್ಲಡ್ ಫ್ಲೋ ರಿಸ್ಟ್ರಿಕ್ಷನ್. ತೊಡೆಯ ಬುಡಕ್ಕೆ ಗಾಳಿ ತುಂಬುವ ಪಟ್ಟಿ ಕಟ್ಟಿ, ರಕ್ತದ ಓಟವನ್ನು ಅಳತೆಯಲ್ಲಿ ಸ್ವಲ್ಪ ತಡೆದು, ಗರಿಷ್ಠ ಭಾರದ ಬರೀ 20ರಿಂದ 40 ಶೇಕಡಾದಲ್ಲೇ ವ್ಯಾಯಾಮ ಮಾಡಿಸುವುದು. ಇದರ ಮೂಲ ಜಪಾನ್. 1966ರಲ್ಲಿ ಯೋಶಿಯಾಕಿ ಸಾಟೋ ಅನ್ನುವವರು ಒಂದು ಶ್ರಾದ್ಧದ ಪೂಜೆಯಲ್ಲಿ ಮಂಡಿಯೂರಿ ತುಂಬಾ ಹೊತ್ತು ಕೂತು, ಕಾಲು ಜೋಮು ಹಿಡಿದು, ಮೀನಖಂಡ ಬಿಗಿದಾಗ ಆದ ಅನುಭವದಿಂದ ಇದರ ಯೋಚನೆ ಶುರುವಾಯಿತು. ಕಾಟ್ಸು ಅಂತ ಅದಕ್ಕೆ ಹೆಸರಿಟ್ಟರು.

ಒಳಗೆ ಏನಾಗುತ್ತದೆ

ಗದ್ದೆಗೆ ನೀರು ಬರುವ ಬಾಯಿ ಅರ್ಧ ತೆರೆದು, ಹೊರಹೋಗುವ ಬಾಯಿ ಮುಚ್ಚಿದ ಹಾಗೆ. ಕಾಲಿಗೆ ಹೊಸ ರಕ್ತ ಬರುತ್ತಲೇ ಇರುತ್ತದೆ, ಆದರೆ ಕಡಿಮೆ. ಮೇಲೆ ಹೋಗಬೇಕಾದ ರಕ್ತ ಮಾತ್ರ ಪಟ್ಟಿಯ ಕೆಳಗೆ ನಿಲ್ಲುತ್ತದೆ. ಆಮ್ಲಜನಕ ಸಾಲದೆ ಬರುತ್ತದೆ, ದುಡಿಮೆಯ ತ್ಯಾಜ್ಯ ಅಲ್ಲೇ ಸೇರುತ್ತದೆ, ಬೇಗ ದಣಿಯದ ಸಣ್ಣ ಎಳೆಗಳು ಸೋಲುತ್ತವೆ. ಆಗ ದೇಹ ದೊಡ್ಡ ಎಳೆಗಳನ್ನು ಕೆಲಸಕ್ಕೆ ಕರೆಯುತ್ತದೆ, ಅವು ಸಾಮಾನ್ಯವಾಗಿ ಭಾರ ಎತ್ತಿದಾಗ ಮಾತ್ರ ಏಳುವಂಥವು. ವಯಸ್ಸಾದಂತೆ ಜಾಸ್ತಿ ಕುಗ್ಗುವುದೂ ಅವೇ. ಹೀಗೆ ಒಂದೂವರೆ ಕಿಲೋ ಭಾರ ಸ್ನಾಯುವಿಗೆ ದೊಡ್ಡ ಕೆಲಸವಾಗುತ್ತದೆ, ಕೀಲಿಗೆ ಮಾತ್ರ ಅದು ಒಂದೂವರೆ ಕಿಲೋನೇ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಸ್ನಾಯುವಿನ ಗಾತ್ರ ಬೆಳೆಸುವುದರಲ್ಲಿ ಇದು ಭಾರದ ವ್ಯಾಯಾಮಕ್ಕೆ ಹತ್ತಿರ ಬರುತ್ತದೆ, ಬಲದ ಲೆಕ್ಕದಲ್ಲಿ ಸ್ವಲ್ಪ ಹಿಂದೆ ಉಳಿಯುತ್ತದೆ. ಆದ್ದರಿಂದ ನೋವಿಲ್ಲದೆ ಭಾರ ಎತ್ತಬಲ್ಲವರಿಗೆ ಪಟ್ಟಿ ಬೇಡವೇ ಬೇಡ. ಭಾರ ತಡೆಯದ ಮೊಣಕಾಲಿನವರಿಗೆ ಮಾತ್ರ ಇದು.

ಮೊದಲು: ಯಾರಿಗೆ ಕಟ್ಟಬಾರದು

ಈ ಭಾಗ ಬಿಟ್ಟು ಮುಂದೆ ಓದಬೇಡಿ. ಕಾಲಿನ ರಕ್ತನಾಳದಲ್ಲಿ ಹಿಂದೆ ಯಾವಾಗಲಾದರೂ ರಕ್ತ ಹೆಪ್ಪುಗಟ್ಟಿದ್ದರೆ ಬೇಡ. ಕಾಲಲ್ಲಿ ನೀಲಿ ನರ ಹಗ್ಗದ ಹಾಗೆ ಉಬ್ಬಿದ್ದರೆ ಬೇಡ. ನಮ್ಮ ಕಡೆ ನಿಂತು ದುಡಿದ ಹೆಣ್ಣುಮಕ್ಕಳಲ್ಲಿ ಇದು ಬಹಳ, ಸೀರೆಯೊಳಗೆ ಇರುವುದರಿಂದ ಯಾರಿಗೂ ಕಾಣುವುದಿಲ್ಲ, ಅವರಾಗಿ ಹೇಳುವುದೂ ಇಲ್ಲ. ಅದಕ್ಕೇ ಕಣ್ಣಾರೆ ನೋಡಬೇಕು. ಹತೋಟಿಗೆ ಬಾರದ ಬಿಪಿ, ಹೃದಯದ ತೊಂದರೆ, ಕಾಲಿಗೆ ರಕ್ತ ಸರಿಯಾಗಿ ಹೋಗದ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ, ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ, ಹೊಸದಾಗಿ ಆದ ಆಪರೇಷನ್, ತುಂಬಾ ದಿನ ಹಾಸಿಗೆ ಹಿಡಿದು ಎದ್ದಿರುವುದು, ಇವುಗಳಲ್ಲಿ ಯಾವುದೊಂದು ಇದ್ದರೂ ಡಾಕ್ಟರ್ ಸ್ಪಷ್ಟವಾಗಿ ಆಗಲಿ ಅನ್ನದೆ ಪಟ್ಟಿ ಮುಟ್ಟಬಾರದು. ರಕ್ತ ತೆಳುವಾಗುವ ಮಾತ್ರೆ ನುಂಗುವವರೂ ಹಾಗೇ. ಡಯಾಲಿಸಿಸ್‌ಗೆ ಫಿಸ್ಟುಲಾ, ಅಂದರೆ ರಕ್ತನಾಳಗಳ ಜೋಡಣೆ, ಮಾಡಿದ ಕೈಗೆ, ಸ್ತನದ ಆಪರೇಷನ್‌ನಲ್ಲಿ ಕಂಕುಳ ಗಂಟು ತೆಗೆದ ಕಡೆಯ ಕೈಗೆ ಪಟ್ಟಿ ಕಟ್ಟಲೇಬಾರದು.

ಸಕ್ಕರೆ ಕಾಯಿಲೆ ಇದ್ದರೆ ಪಾದದ ಸ್ಪರ್ಶ ನೋಡಿ. ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಬೆರಳು ಮುಟ್ಟಿ, ಯಾವ ಬೆರಳು ಅಂತ ಕೇಳಿ. ತಪ್ಪು ಹೇಳಿದರೆ, ಅಥವಾ ಗೊತ್ತೇ ಆಗದಿದ್ದರೆ, ಪಟ್ಟಿ ಬಿಗಿಯಾದಾಗ ಆಗುವ ತೊಂದರೆಯೂ ಅವರಿಗೆ ಗೊತ್ತಾಗುವುದಿಲ್ಲ. ಅಂಥವರಿಗೆ ಬೇರೆ ವ್ಯಾಯಾಮ ಕೊಡಿ.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಊರಲ್ಲಿ ಮೆಡಿಕಲ್ ಕಾಲೇಜುಗಳಿವೆ. ಮೊದಲ ತಪಾಸಣೆ, ಮೊದಲ ಅಳತೆ, ಮೊದಲ ಕೆಲವು ವಾರದ ವ್ಯಾಯಾಮ ಬಲ್ಲ ಫಿಸಿಯೋಥೆರಪಿಸ್ಟ್ ಎದುರಿಗೇ ಆಗಬೇಕು. ಆನ್‌ಲೈನ್‌ನಲ್ಲಿ ಪಟ್ಟಿ ತರಿಸಿ, ವಿಡಿಯೋ ನೋಡಿ ಅವ್ವನ ಕಾಲಿಗೆ ಕಟ್ಟುವುದು ಬೇಡ. ಈ ಬರಹ ಮಗಳಿಗೆ, ಸೊಸೆಗೆ, ಮೊಮ್ಮಗಳಿಗೆ ಏನು ನಡೆಯಬೇಕು ಅಂತ ಗೊತ್ತಿರಲಿ ಅಂತ.

ಪಟ್ಟಿ ಯಾವುದು, ಎಲ್ಲಿ ಕಟ್ಟಬೇಕು

ಗಾಳಿ ತುಂಬುವ, ಒತ್ತಡ ತೋರಿಸುವ ಮೀಟರ್ ಇರುವ ಪಟ್ಟಿಯೇ ಬೇಕು. ಜಿಮ್‌ನಲ್ಲಿ ಹುಡುಗರು ಬಳಸುವ ಎಲಾಸ್ಟಿಕ್ ಬೆಲ್ಟ್, ದುಪಟ್ಟಾ, ಕ್ರೇಪ್ ಬ್ಯಾಂಡೇಜ್ ಯಾವುದೂ ನಡೆಯುವುದಿಲ್ಲ, ಎಷ್ಟು ಬಿಗಿ ಅಂತ ಅದರಲ್ಲಿ ತಿಳಿಯುವುದೇ ಇಲ್ಲ. ಬಿಪಿ ನೋಡುವ ಕೈಪಟ್ಟಿಯೂ ತೊಡೆಗೆ ಸಾಲುವುದಿಲ್ಲ. ತೊಡೆಗೆ ಅಗಲದ ಪಟ್ಟಿ ಒಳ್ಳೆಯದು. ಅಗಲ ಇದ್ದಷ್ಟೂ ಕಡಿಮೆ ಒತ್ತಡದಲ್ಲೇ ಕೆಲಸ ಆಗುತ್ತದೆ.

ಪಟ್ಟಿ ಕಟ್ಟುವುದು ತೊಡೆಯ ಬುಡದಲ್ಲಿ, ತೊಡೆಸಂದಿಗೆ ಹತ್ತಿರ. ಮೊಣಕಾಲಿನ ಮೇಲೆ, ಮೀನಖಂಡದ ಮೇಲೆ ಕಟ್ಟಬಾರದು. ಇಲ್ಲೇ ನಮ್ಮ ಕಡೆಯ ದೊಡ್ಡ ಅಡ್ಡಿ. ಇಲಕಲ್ ಸೀರೆ ಉಟ್ಟ ಆಯಿಗೆ ತೊಡೆಯ ಬುಡಕ್ಕೆ ಪಟ್ಟಿ ಅಂದರೆ ಮುಖ ಆ ಕಡೆ ತಿರುಗುತ್ತದೆ. ಸಂಕೋಚ ಸಹಜ. ಬಾಗಿಲು ಹಾಕಿದ ಕೋಣೆ, ಕಟ್ಟುವವರು ಹೆಣ್ಣುಮಗಳು, ಒಳಗೆ ತೆಳ್ಳನೆ ಹತ್ತಿಯ ಲೆಗಿನ್ಸ್, ಮೇಲೆ ನೈಟಿ. ಇಷ್ಟು ಮಾಡಿದರೆ ಎರಡನೇ ದಿನಕ್ಕೆ ಅವರೇ “ತಗೋವಾ, ಕಟ್ಟು” ಅನ್ನುತ್ತಾರೆ. ಲಂಗದ ಮೇಲೆ, ಸೀರೆಯ ನೆರಿಗೆ ಮೇಲೆ ಕಟ್ಟಬೇಡಿ. ಬಟ್ಟೆಯ ಒಂದು ಮಡಿಕೆ ಪಟ್ಟಿಯ ಕೆಳಗೆ ಸಿಕ್ಕರೂ ಅಲ್ಲಿ ಚರ್ಮ ಹಿಂಡಿಕೊಂಡು ಕಂದುಗಟ್ಟುತ್ತದೆ, ವಯಸ್ಸಾದವರ ಚರ್ಮ ತೆಳ್ಳಗಿರುವುದರಿಂದ ಆ ಕಲೆ ವಾರಗಟ್ಟಲೆ ಇರುತ್ತದೆ. ಪಟ್ಟಿ ಹಾಕುವ ಮೊದಲು ಅಂಗೈಯಿಂದ ಲೆಗಿನ್ಸನ್ನು ಒಂದು ಸುತ್ತು ಸವರಿ ಸಪಾಟು ಮಾಡಿ. ಗಾಳಿ ತುಂಬುವ ಮುಂಚೆ ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ.

ಒತ್ತಡದ ಅಳತೆ

ಎಲ್ಲರಿಗೂ ಒಂದೇ ಸಂಖ್ಯೆ ಇಲ್ಲ. ದಪ್ಪ ತೊಡೆಗೆ ಒತ್ತಡ ಜಾಸ್ತಿ ಬೇಕು, ಬಿಪಿ ಜಾಸ್ತಿ ಇದ್ದರೂ ಹಾಗೇ, ಮಲಗಿದಾಗ ಒಂದು, ನಿಂತಾಗ ಇನ್ನೊಂದು, ಎಡಗಾಲಿಗೂ ಬಲಗಾಲಿಗೂ ವ್ಯತ್ಯಾಸ ಇರಬಹುದು. ಆದ್ದರಿಂದ ಯಾವ ಭಂಗಿಯಲ್ಲಿ ವ್ಯಾಯಾಮ ಮಾಡುತ್ತಾರೋ ಅದೇ ಭಂಗಿಯಲ್ಲಿ, ಒಂದೊಂದೇ ಕಾಲಿಗೆ ಅಳೆಯಬೇಕು.

ಹತ್ತು ನಿಮಿಷ ಸುಮ್ನೆ ಕೂರಿಸಿ. ಹರಡಿನ, ಅಂದರೆ ಪಾದ ಕಾಲಿಗೆ ಸೇರುವ ಕೀಲಿನ, ಒಳಬದಿಯ ಎಲುಬಿನ ಹಿಂದೆ ಡಾಪ್ಲರ್, ಅಂದರೆ ರಕ್ತದ ಓಟದ ಸದ್ದು ಕೇಳಿಸುವ ಕೈಯಲ್ಲಿ ಹಿಡಿಯುವ ಯಂತ್ರ, ಇಟ್ಟರೆ ನಾಡಿಯ ಸದ್ದು ಕೇಳುತ್ತದೆ. ಪಟ್ಟಿಗೆ ನಿಧಾನವಾಗಿ ಗಾಳಿ ತುಂಬುತ್ತಾ ಹೋಗಿ. ಸದ್ದು ನಿಂತ ಕ್ಷಣ ಪಟ್ಟಿಯ ಮೀಟರ್ ತೋರಿಸುವ ಸಂಖ್ಯೆಯೇ ಆ ಕಾಲಿಗೆ ರಕ್ತ ಪೂರ್ತಿ ನಿಲ್ಲುವ ಒತ್ತಡ. ಬರೆದುಕೊಂಡು ತಕ್ಷಣ ಗಾಳಿ ಬಿಡಿ. ವ್ಯಾಯಾಮಕ್ಕೆ ಬೇಕಾದದ್ದು ಅದರ 40ರಿಂದ 80 ಶೇಕಡಾ ಅಂತ ಪರಿಣತರ ಮಾರ್ಗಸೂಚಿ. ವಯಸ್ಸಾದ ಹೆಣ್ಣುಮಕ್ಕಳಿಗೆ ನಾನು 40ರಿಂದಲೇ ಶುರು ಮಾಡುತ್ತೇನೆ, 60 ದಾಟುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಉದಾಹರಣೆಗೆ 160ಕ್ಕೆ ಸದ್ದು ನಿಂತರೆ 40 ಶೇಕಡಾ ಅಂದರೆ 64, 50 ಶೇಕಡಾ ಅಂದರೆ 80. ಬಿಗಿ ಜಾಸ್ತಿಯಾದಷ್ಟು ಲಾಭ ಜಾಸ್ತಿ ಅನ್ನುವುದು ಸುಳ್ಳು, ನೋವು ಮಾತ್ರ ಜಾಸ್ತಿ.

ಭಾರ ಎಷ್ಟು

ಒಂದೇ ಸಲ ಎತ್ತಬಲ್ಲ ಗರಿಷ್ಠ ಭಾರ ಎಷ್ಟು ಅಂತ ಆಯಿ ಹತ್ತಿರ ನೇರವಾಗಿ ಪರೀಕ್ಷೆ ಮಾಡಬೇಡಿ. ಪಟ್ಟಿ ಇಲ್ಲದೆ, ಕುರ್ಚಿ ಮೇಲೆ ಕೂತು, ಹರಡಿಗೆ ಭಾರ ಕಟ್ಟಿ, ಮೊಣಕಾಲು ಚಾಚಿಸಿ. ಕಷ್ಟಪಟ್ಟು ಹತ್ತು ಸಲ ಮಾತ್ರ ಚಾಚಲು ಆಗುವ ಭಾರ 6 ಕಿಲೋ ಅಂದುಕೊಳ್ಳಿ. ಹಾಗಾದರೆ ಒಂದೇ ಸಲ ಎತ್ತಬಲ್ಲದ್ದು ಅಂದಾಜು 8 ಕಿಲೋ. ಅದರ 20ರಿಂದ 30 ಶೇಕಡಾ ಅಂದರೆ 1.6ರಿಂದ 2.4 ಕಿಲೋ. ಒಂದೂವರೆ ಕಿಲೋದಿಂದ ಹೊರಡಿ. ಇಷ್ಟು ಭಾರಕ್ಕೇ ಮೊಣಕಾಲು ನೋಯುತ್ತದೆ ಅಂದರೆ ಇನ್ನೂ ಇಳಿಸಿ. ಹರಡಿಗೆ ಕಟ್ಟುವ ರೆಡಿಮೇಡ್ ಭಾರ ಸಿಗುತ್ತದೆ, ಇಲ್ಲದಿದ್ದರೆ ದಪ್ಪ ಬಟ್ಟೆಯ ಉದ್ದನೆ ಚೀಲಕ್ಕೆ ಮರಳು ತುಂಬಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಹೊಲಿದುಬಿಡಿ.

ವ್ಯಾಯಾಮದ ದಿನ

ಮೊದಲು ಬಿಪಿ ನೋಡಿ. 160/100ರ ಮೇಲಿದ್ದರೆ ನಾನು ಆ ದಿನ ಪಟ್ಟಿ ಕಟ್ಟುವುದಿಲ್ಲ. ಊಟವಾಗಿ ಒಂದೂವರೆ ಗಂಟೆ ಆಗಿರಲಿ, ಆದರೆ ಖಾಲಿ ಹೊಟ್ಟೆ ಬೇಡ. ಏಕಾದಶಿ, ಶ್ರಾವಣ ಸೋಮವಾರದ ಉಪವಾಸದ ದಿನ ರಜೆ ಕೊಟ್ಟುಬಿಡಿ, ಅದರಲ್ಲೂ ಸಕ್ಕರೆ ಮಾತ್ರೆ ನುಂಗುವವರಿಗೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು ನಲವತ್ತು ಡಿಗ್ರಿ ಮುಟ್ಟುವಾಗ ಮೈಯಲ್ಲಿ ನೀರು ಕಡಿಮೆಯಾಗಿ ರಕ್ತ ಗಟ್ಟಿಯಾಗುತ್ತದೆ, ಆಗ ಮಧ್ಯಾಹ್ನ ಬೇಡ, ಬೆಳಿಗ್ಗೆ ಬೇಗ ಮುಗಿಸಿ. ಒಂದು ದೊಡ್ಡ ಲೋಟ ನೀರೋ ಮಜ್ಜಿಗೆಯೋ ಕುಡಿಸಿ ಕೂರಿಸಿ.

ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳಲಿ. ಅಂಗಳದಲ್ಲಿ ನಡಿಗೆ, ಕೂತಲ್ಲೇ ಪಾದ ಮೇಲೆ ಕೆಳಗೆ, ಅಷ್ಟು ಸಾಕು. ಆಮೇಲೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಮೊದಲು ಪಾದ ನೋಡಿ. ಹೆಬ್ಬೆರಳಿನ ಉಗುರು ಒತ್ತಿ ಬಿಡಿ. ಮೂರು ಸೆಕೆಂಡಿನೊಳಗೆ ಬಣ್ಣ ಮರಳಿ ಬರಬೇಕು. ಬರಲಿಲ್ಲ ಅಂದರೆ, ಬೆರಳು ಬೆಳ್ಳಗೆ ತಣ್ಣಗೆ ಆದರೆ, ಒತ್ತಡ ಜಾಸ್ತಿಯಾಗಿದೆ, ಬಿಡಿ.

ಪೂರ್ತಿ ಕ್ರಮ ಹೀಗೆ: 30 ಸಲ ಚಾಚುವುದು, 30 ಸೆಕೆಂಡ್ ವಿರಾಮ, 15 ಸಲ, ವಿರಾಮ, 15, ವಿರಾಮ, ಮತ್ತೆ 15. ಒಟ್ಟು 75. ವಿರಾಮದಲ್ಲಿ ಪಟ್ಟಿ ಹಾಗೇ ಇರುತ್ತದೆ, ಗಾಳಿ ಬಿಡುವುದಿಲ್ಲ. ಎರಡು ಸೆಕೆಂಡ್ ಮೇಲೆ, ಎರಡು ಸೆಕೆಂಡ್ ಕೆಳಗೆ. ಈ ವೇಗದಲ್ಲಿ ಸುಮಾರು ಆರೂವರೆ ನಿಮಿಷ ಹಿಡಿಯುತ್ತದೆ. ಮುಗಿದ ಕೂಡಲೇ ಪೂರ್ತಿ ಗಾಳಿ ಬಿಡಿ. ಎರಡು ಮೂರು ನಿಮಿಷ ರಕ್ತ ಹರಿಯಲಿ, ಆಮೇಲೆ ಮುಂದಿನ ವ್ಯಾಯಾಮ. ಎಣಿಸುವ ಕೆಲಸ ಮೊಮ್ಮಕ್ಕಳಿಗೆ ಕೊಡಿ, ಜೋರಾಗಿ ಎಣಿಸಲಿ, ಆಯಿಯೂ ಜೊತೆಗೆ ಎಣಿಸಲಿ. ಬಾಯಿಬಿಟ್ಟು ಎಣಿಸುವವರು ಉಸಿರು ಬಿಗಿಹಿಡಿಯುವುದಿಲ್ಲ, ಬಿಪಿಯೂ ಒಮ್ಮೆಲೇ ಏರುವುದಿಲ್ಲ.

ಆದರೆ ಇದು ಮೊದಲ ದಿನದ ಕ್ರಮ ಅಲ್ಲ. ಮೊದಲ ಎರಡು ವಾರ ಪಟ್ಟಿಯೇ ಇಲ್ಲದೆ ಇವೇ ವ್ಯಾಯಾಮ ಕಲಿಸಿ. ಮೂರನೇ ವಾರ ಪಟ್ಟಿ ಕಟ್ಟಿ 15, 10, 10 ಮಾತ್ರ. ನಾಲ್ಕನೇ ವಾರ 20, 15, 15. ಐದನೇ ವಾರದಿಂದ ಪೂರ್ತಿ 75ರ ಕಡೆ ಹೋಗಿ. ಅಭ್ಯಾಸ ಇಲ್ಲದ ಸ್ನಾಯುವಿಗೆ ಒಮ್ಮೆಲೇ ಎಲ್ಲ ಕೊಟ್ಟರೆ ಸ್ನಾಯು ಒಡೆದು ಅದರ ಕಸ ಮೂತ್ರಪಿಂಡಕ್ಕೆ ಹೊರೆಯಾಗಬಹುದು. ಅಪರೂಪ, ಆದರೆ ಆಗುತ್ತದೆ.

ವ್ಯಾಯಾಮ ಎರಡೇ ಸಾಕು. ಕುರ್ಚಿ ಮೇಲೆ ಕೂತು ಮೊಣಕಾಲು ಚಾಚುವುದು ಒಂದು. ಕುರ್ಚಿಯಿಂದ ಎದ್ದು ಕೂರುವುದು ಇನ್ನೊಂದು, ಇದು ನಿತ್ಯದ ಬದುಕಿಗೆ ನೇರವಾಗಿ ಬರುತ್ತದೆ. ಎದ್ದು ಕೂರುವುದಕ್ಕೆ 30, 15ರ ಲೆಕ್ಕ ಹೆಚ್ಚಿನವರಿಗೆ ಆಗುವುದಿಲ್ಲ. ಕುರ್ಚಿ ಮೇಲೆ ಮಡಚಿದ ಕೌದಿ ಹಾಕಿ ಎತ್ತರ ಮಾಡಿ, ಎದುರಿಗೆ ಕಟ್ಟೆಯನ್ನೋ ಗಟ್ಟಿ ಮೇಜನ್ನೋ ಹಿಡಿದುಕೊಳ್ಳಲಿ, ಆಗುವಷ್ಟು ಮಾಡಲಿ. ವಾರ ಕಳೆದ ಹಾಗೆ ಕೌದಿಯ ಒಂದೊಂದು ಮಡಿಕೆ ಕಡಿಮೆ ಮಾಡಿ. ಕುರ್ಚಿ ಗೋಡೆಗೆ ಆನಿಸಿರಲಿ, ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ. ಇವೂ ಆಗದವರಿಗೆ ಪಟ್ಟಿ ಕಟ್ಟಿ ಸಮತಟ್ಟಾದ ಜಾಗದಲ್ಲಿ ನಿಧಾನ ನಡಿಗೆಯೂ ಇದೆ, ಐದು ನಿಮಿಷದಿಂದ ಶುರು, ಪಕ್ಕದಲ್ಲಿ ಒಬ್ಬರು ಇರಲೇಬೇಕು.

ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು.

ಯಾವ ನೋವು ಸರಿ, ಯಾವುದು ಸರಿಯಲ್ಲ

ತೊಡೆ ಉರಿಯುವುದು, ಭಾರವಾಗುವುದು, ಬಿಗಿದ ಹಾಗೆ ಅನಿಸುವುದು, ಕಾಲು ಸ್ವಲ್ಪ ಕೆಂಪಾಗುವುದು, ಪಟ್ಟಿ ತೆಗೆದಾಗ ಗುರುತು ಇರುವುದು, ಇದೆಲ್ಲ ಆಗುವಂಥದ್ದೇ. ಕೊನೆಯ 15ರಲ್ಲಿ “ಸಾಕವ್ವಾ” ಅನ್ನುವ ಹಾಗೆ ಉರಿಯಬೇಕು. ಗಾಳಿ ಬಿಟ್ಟ ಒಂದೆರಡು ನಿಮಿಷಕ್ಕೆ ಆ ಉರಿ ಇಳಿಯಬೇಕು. ಇಳಿದರೆ ಸರಿಯಾಗಿದೆ.

ಜೋಮು, ಇರುವೆ ಹರಿದಂತೆ ಚುಮುಚುಮು, ಚುಚ್ಚುವ ನೋವು, ತಲೆಸುತ್ತು, ಎದೆ ಹಿಡಿದಂತೆ ಆಗುವುದು ಬಂದರೆ ತಕ್ಷಣ ಗಾಳಿ ಬಿಡಿ. ಎಷ್ಟನೇ ಸಲ ಇತ್ತು, ಇನ್ನೆರಡೇ ಉಳಿದಿತ್ತು ಅನ್ನುವ ಲೆಕ್ಕ ಬೇಡ. ಎದೆ ನೋವು ನಿಲ್ಲದಿದ್ದರೆ ಆಸ್ಪತ್ರೆಗೆ. ನಂತರದ ದಿನಗಳಲ್ಲಿ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋವಾದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ, ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ. ಉಸಿರು ಹತ್ತಿಕೊಂಡರೆ 108ಕ್ಕೆ ಫೋನ್ ಮಾಡಿ. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೂ ತಡಮಾಡಬೇಡಿ. ಇದನ್ನು ಆಯಿಗೇ ಹೇಳಿಕೊಡಿ, ಅವರು ಹೇಳಲು ನಾಚಿ ಸುಮ್ಮನಿರಬಾರದು.

ಹೊಟ್ಟೆಗೆ ಏನು

ವ್ಯಾಯಾಮ ಮಾಡಿಸಿ ಊಟ ನೋಡದಿದ್ದರೆ ಅರ್ಧ ಕೆಲಸ. ನಮ್ಮ ಮನೆಗಳಲ್ಲಿ ಅವ್ವ ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಾಳೆ, ಅಷ್ಟೊತ್ತಿಗೆ ಪಲ್ಯದ ಬುಟ್ಟಿಯಲ್ಲಿ ಕಾಳು ಇರುವುದಿಲ್ಲ, ರೊಟ್ಟಿ, ಖಾರ, ಮಜ್ಜಿಗೆ ಉಳಿದಿರುತ್ತದೆ. ವಯಸ್ಸಾದವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅನ್ನುವುದು ಈಗಿನ ಸಲಹೆ. 55 ಕಿಲೋ ತೂಕಕ್ಕೆ 55ರಿಂದ 66 ಗ್ರಾಂ.

ಬೇರೆ ಏನೂ ತರಬೇಕಾಗಿಲ್ಲ. ಎರಡು ಜೋಳದ ರೊಟ್ಟಿಯಲ್ಲಿ ಸುಮಾರು 10 ಗ್ರಾಂ. 50 ಗ್ರಾಂ ಹೆಸರುಕಾಳಿನ ಉಸುಳಿಯಲ್ಲಿ 12. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲಿ 7. ಒಂದು ಲೋಟ ಹಾಲು 6, ಒಂದು ಬಟ್ಟಲು ಮೊಸರು 5, ತೊಗರಿಬೇಳೆ ಸಾರಿನಿಂದ 6. 40 ಗ್ರಾಂ ಕಡಲೆಹಿಟ್ಟಿನ ಝುಣಕದಲ್ಲಿ 8. ಕೂಡಿಸಿದರೆ 54. ಮೊಟ್ಟೆ ತಿನ್ನುವವರು ಎರಡು ಮೊಟ್ಟೆ ಸೇರಿಸಿದರೆ 66, ತಿನ್ನದವರು ಇನ್ನೊಂದು ಲೋಟ ಹಾಲು ಸೇರಿಸಿದರೆ 60. ಒಂದೇ ಹೊತ್ತಿಗೆ ಸುರಿಯದೆ ಮೂರೂ ಹೊತ್ತು ಹಂಚಿ. ಬೆಳಿಗ್ಗೆ ಬರೀ ಚಹಾ, ಟೋಸ್ಟ್ ಆಗುವುದನ್ನು ಮೊದಲು ನಿಲ್ಲಿಸಿ. ಮೂತ್ರಪಿಂಡದ ಕಾಯಿಲೆ ಇದ್ದವರು ಮಾತ್ರ ಡಾಕ್ಟರ್ ಹೇಳಿದ ಅಳತೆಯಲ್ಲೇ ಇರಬೇಕು.

ಏರಿಸುವುದು, ಅಳೆಯುವುದು

ಎರಡು ದಿನ ಸತತವಾಗಿ 75 ನೀಟಾಗಿ ಮುಗಿದರೆ ಅರ್ಧ ಕಿಲೋ ಏರಿಸಿ. ಏರಿಸುವುದು ಭಾರವನ್ನು, ಒತ್ತಡವನ್ನಲ್ಲ. ತಿಂಗಳಿಗೊಮ್ಮೆ ಡಾಪ್ಲರ್ ಇಟ್ಟು ಒತ್ತಡ ಮತ್ತೆ ಅಳೆಸಿ, ತೊಡೆ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ.

ಪ್ರಗತಿಗೆ ತಕ್ಕಡಿ ನೋಡಬೇಡಿ. ಕೈ ಎದೆಗೆ ಕಟ್ಟಿ ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡ್ ಅಂತ ಮೊಬೈಲ್‌ನಲ್ಲಿ ನೋಡಿ ಬರೆದಿಡಿ. ಏಷ್ಯಾದ ತಜ್ಞರ 2019ರ ಮಾನದಂಡದಲ್ಲಿ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಸ್ನಾಯು ಸೋತಿರಬಹುದು ಅಂತ ಲೆಕ್ಕ. ಹೊಲಿಗೆಯ ಟೇಪಿನಿಂದ ಮೀನಖಂಡದ ದಪ್ಪ ಭಾಗವನ್ನೂ ಅಳೆಯಿರಿ, ಹೆಣ್ಣುಮಕ್ಕಳಲ್ಲಿ 33 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಗಮನ ಕೊಡಬೇಕು. ಎಂಟರಿಂದ ಹನ್ನೆರಡು ವಾರ ಬಿಡದೆ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಸೆಕೆಂಡು ಕಡಿಮೆಯಾಗುವುದು ಮೊದಲು, ಟೇಪಿನಲ್ಲಿ ಕಾಣುವುದು ತಡವಾಗಿ.

ಹನ್ನೆರಡು ವಾರದ ನಂತರ ಮೊಣಕಾಲು ಒಪ್ಪಿದರೆ ಒಂದು ದಿನ ಪಟ್ಟಿ ಬಿಟ್ಟು ಸ್ವಲ್ಪ ಜಾಸ್ತಿ ಭಾರ ಕಟ್ಟಿ ನೋಡಿ. ವಾರದ ಮೂರು ದಿನದಲ್ಲಿ ಒಂದು ದಿನ ಹಾಗೆ, ಆಮೇಲೆ ಎರಡು ದಿನ. ಎಲುಬಿಗೂ ಬಲಕ್ಕೂ ನಿಜವಾದ ಭಾರವೇ ಒಳ್ಳೆಯದು, ಪಟ್ಟಿಯ ಮೇಲೆ ಜೀವನಪೂರ್ತಿ ನಿಲ್ಲುವುದು ನನಗೆ ಒಪ್ಪಿಗೆಯಿಲ್ಲ. ಮೊಣಕಾಲು ಒಪ್ಪದಿದ್ದರೆ ಪಟ್ಟಿ ಮುಂದುವರಿಯಲಿ, ತಪಾಸಣೆ ತಪ್ಪದಿರಲಿ.

ಮದುವೆ, ಬನಶಂಕರಿ ಜಾತ್ರೆ, ಮಗಳ ಬಾಣಂತನ ಅಂತ ನಡುವೆ ಬಿಟ್ಟುಹೋಗುವುದು ಇದ್ದೇ ಇರುತ್ತದೆ. ಒಂದು ವಾರ ಬಿಟ್ಟಿದ್ದರೆ ಅದೇ ಭಾರದಲ್ಲಿ 15, 10, 10ಕ್ಕೆ ಇಳಿದು ಶುರು ಮಾಡಿ. ತಿಂಗಳು ದಾಟಿದ್ದರೆ ಭಾರವನ್ನೂ ಅರ್ಧ ಮಾಡಿ, ಒತ್ತಡ ಹೊಸದಾಗಿ ಅಳೆಸಿ. ಜ್ವರ ಬಂದು ಮಲಗಿ ಎದ್ದಿದ್ದರೆ, ಅಥವಾ ಬೆಂಗಳೂರಿಂದ ಇಡೀ ರಾತ್ರಿ ಬಸ್ಸಲ್ಲಿ ಕೂತು ಬಂದಿದ್ದರೆ, ಎರಡು ದಿನ ಚೆನ್ನಾಗಿ ಓಡಾಡಿ, ಕಾಲಲ್ಲಿ ಊತ ಇಲ್ಲ ಅಂತ ನೋಡಿಕೊಂಡು ಆಮೇಲೆ ಪಟ್ಟಿ ಕಟ್ಟಿ.